ಖಡಕಲಾಟದ ಸುಲೋಚನಾ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ನಮ್ಮ ಜಿಲ್ಲೆಯ ಸಾಧಕಿಯೊಬ್ಬರ ಬಗ್ಗೆ ಹತ್ತು ನಿಮಿಷ ಮಾತಾಡ್ರಿ ಮೇಡಂ’ ಎಂದು ಹೆಡ್‌ಮಾಸ್ತರರು ಫೋನ್ ಮಾಡಿದ್ದರು. ರಾಣಿ ಚೆನ್ನಮ್ಮನ ಬಗ್ಗೆ ನಿನ್ನೆಯೇ ಮೂವರು ಮಾತಾಡಿದ್ದಾರೆ. ನಾನು ಒಬ್ಬ ಸಿನಿಮಾ ನಟಿಯ ಬಗ್ಗೆ ಹೇಳುತ್ತೇನೆ. ನಾವು ಓದುವಾಗ ಸಿನಿಮಾ ಹೆಸರೆತ್ತಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ನನ್ನನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ!

ನಮ್ಮ ಓಣಿಗೆಲ್ಲ ಆಗ ಒಂದೇ ಟಿ.ವಿ. ಒಂದು ಭಾನುವಾರ ಸಂಜೆ ‘ಸುಜಾತಾ’ ಬಂತು. ಬಿಮಲ್ ರಾಯ್ ಅವರ 1959ರ ಹಿಂದಿ ಚಿತ್ರ. ನಾವೆಲ್ಲ ನೂತನ್ ಅವರನ್ನೇ ನೋಡುತ್ತಿದ್ದೆವು. ನಿಪ್ಪಾಣಿ ಕಡೆಯ ನಮ್ಮಜ್ಜಿ ಮಾತ್ರ ತಾಯಿಯ ಪಾತ್ರದವರನ್ನು ತೋರಿಸಿ, ‘ಏ, ಈಕಿ ನಮ್ಮ ಖಡಕಲಾಟದಾಕಿ!’ ಎಂದಳು. ನಾವು ನಕ್ಕೆವು. ಅಜ್ಜಿ ಹೇಳಿದ್ದು ನಿಜವೇ ಆಗಿತ್ತು.

ಸುಲೋಚನಾ ಲಾಟಕರ್ ಹುಟ್ಟಿದ್ದು 1928ರ ಜುಲೈ 30ರಂದು, ಅಂದಿನ ಚಿಕ್ಕೋಡಿ ತಾಲೂಕಿನ ಖಡಕಲಾಟದಲ್ಲಿ. ಹದಿನಾಲ್ಕರ ಸುಮಾರಿಗೆ ಮದುವೆ. ಎಂಟು, ಒಂಬತ್ತನೆಯ ತರಗತಿಯ ಹುಡುಗಿಯರೇ, ಅಂದರೆ ನಿಮ್ಮ ವಯಸ್ಸು. ಆಮೇಲೆ ಕೊಲ್ಹಾಪುರದಲ್ಲಿ ಭಾಲಜಿ ಪೆಂಢಾರಕರ್ ಅವರ ಜಯಪ್ರಭಾ ಸ್ಟುಡಿಯೋ ಸೇರಿದರು. ಸುಲೋಚನಾ ಎಂಬ ಹೆಸರು ಕೊಟ್ಟವರೂ ಅವರೇ. ಕಣ್ಣು ನೋಡಿ ಇಟ್ಟ ಹೆಸರು. ಹುಡುಗಿಯದು ಹಳ್ಳಿಯ ಮಾತು. ಪರದೆಯ ಮೇಲಿನ ಶುದ್ಧ ಮರಾಠಿಯನ್ನು ಅವರು ಅಲ್ಲೇ ಕುಳಿತು ಉಚ್ಚಾರ ತಿದ್ದಿಕೊಂಡು ಕಲಿತರು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಮ್ಮ ಮನೆಮಾತು ಮರಾಠಿ, ಕನ್ನಡ ಕಲಿತದ್ದು ಈ ಶಾಲೆಯಲ್ಲಿ. ಪಿಯುಸಿಗೆ ದಿನಾ ಬಸ್ಸು ಹತ್ತಿ ಬೆಳಗಾವಿಗೆ ಹೋಗುತ್ತಿದ್ದೆ. ಅಲ್ಲೊಂದು ದಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂತು. ಅಲ್ಲಿದ್ದ ಹಿರಿಯರೊಬ್ಬರು ಮೆಚ್ಚಿಕೊಂಡೇ, ‘ಭೇಷ್, ಕನ್ನಡದವರ ಹಾಗೇ ಮಾತಾಡ್ತೀಯಲ್ಲ’ ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೂ ಮುಂದಿನ ಎರಡು ವರ್ಷ ನಾನು ವೇದಿಕೆ ಹತ್ತಲಿಲ್ಲ.

ಆ ‘ಹಾಗೆ’ ಎಂಬ ಮಾತು ‘ಸುಜಾತಾ’ ಚಿತ್ರದಲ್ಲೂ ಇದೆ. ಅಸ್ಪೃಶ್ಯರ ಮನೆಯಲ್ಲಿ ಹುಟ್ಟಿದ ಅನಾಥ ಕೂಸನ್ನು ಸಾಕುವ ಚಾರು ಎಂಬ ತಾಯಿ ಸುಲೋಚನಾ. ಬಂದವರಿಗೆಲ್ಲ ‘ಮಗಳ ಹಾಗೆ’ ಎನ್ನುತ್ತಾಳೆ, ‘ಮಗಳು’ ಎನ್ನುವುದಿಲ್ಲ. ಕೆಟ್ಟ ಹೆಂಗಸಲ್ಲ, ಪ್ರೀತಿಯೂ ಇದೆ. ಆದರೆ ಜಾತಿಯ ಅಂಜಿಕೆ ನಾಲಿಗೆ ಹಿಡಿಯುತ್ತದೆ. ಇಂಥ ಪಾತ್ರವನ್ನು ಸಿಡುಕಿ, ಕೂಗಾಡಿ ಮಾಡುವುದು ಸುಲಭ. ಸುಲೋಚನಾ ಅದನ್ನು ಮೆಲುದನಿಯಲ್ಲಿ ಮಾಡಿದರು. ನಮಗೆ ಚಾರುವಿನ ಮೇಲೆ ಸಿಟ್ಟೂ ಬರುತ್ತದೆ, ಕನಿಕರವೂ ಬರುತ್ತದೆ. ಆಗ ಅವರಿಗೆ ಬರೀ ಮೂವತ್ತು, ಮಗಳಾದ ನೂತನ್‌ಗಿಂತ ಎಂಟೇ ವರ್ಷ ದೊಡ್ಡವರು. ‘ಜಾನಿ ಮೇರಾ ನಾಮ್’ ಚಿತ್ರದಲ್ಲಂತೂ ತಮಗಿಂತ ಐದು ವರ್ಷ ಹಿರಿಯರಾದ ದೇವಾನಂದ್‌ಗೆ ತಾಯಿಯಾದರು! ನಾಯಕರಿಗೆ ವಯಸ್ಸಾಗುವುದಿಲ್ಲ, ಅವರ ತಾಯಂದಿರಿಗೆ ಬೇಗ ಆಗುತ್ತದೆ.

ಮರಾಠಿಯಲ್ಲಿ ಅವರು ನಾಯಕಿಯೇ. 1953ರ ‘ವಹಿನೀಂಚ್ಯಾ ಬಾಂಗಡ್ಯಾ’ ಹೆಸರು ಮಾಡಿತು. ‘ಮರಾಠಾ ತಿತುಕಾ ಮೇಳವಾವಾ’ದಲ್ಲಿ ಜಿಜಾಬಾಯಿಯಾದರು. 1999ರಲ್ಲಿ ಪದ್ಮಶ್ರೀ, 2009ರಲ್ಲಿ ಮಹಾರಾಷ್ಟ್ರ ಭೂಷಣ ಬಂದವು. 2023ರ ಜೂನ್ 4ರಂದು ಮುಂಬೈಯಲ್ಲಿ ತೀರಿಕೊಂಡರು. ಮರುದಿನ ಪೇಪರಿನಲ್ಲಿ ಖಡಕಲಾಟದ ಹೆಸರು ನೋಡಿ, ಅಜ್ಜಿ ಇದ್ದಿದ್ದರೆ ಎನಿಸಿತು.

ಮಕ್ಕಳೇ, ನಿಮ್ಮ ಸ್ಮಾರ್ಟ್ ಕ್ಲಾಸಿನಲ್ಲಿ ಒಂದು ಶನಿವಾರ ‘ಸುಜಾತಾ’ ತೋರಿಸಲು ಹೆಡ್‌ಮಾಸ್ತರರು ಒಪ್ಪಿದ್ದಾರೆ. ಕೊನೆಗೆ ಚಾರು ಮೆಟ್ಟಿಲಿನಿಂದ ಬೀಳುತ್ತಾಳೆ, ರಕ್ತ ಬೇಕಾಗುತ್ತದೆ. ಮನೆಯವರಲ್ಲಿ ಯಾರ ರಕ್ತ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಎಚ್ಚರವಾದ ಮೇಲೆ ಆ ತಾಯಿ ಸುಜಾತಾಳನ್ನು ಏನೆಂದು ಕರೆಯುತ್ತಾಳೆ, ಕಿವಿಗೊಟ್ಟು ಕೇಳಿ. ನಮ್ಮಜ್ಜಿ ಅಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ನಾನೂ ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಒಂದು ಜಾಗ ಇಟ್ಟಿರಿ.