ಇಂಬಳ ಕಚ್ಚಿದಾಗ ನೋವು ಎಲ್ಲಿತ್ತು?



ಆಲ್ದೂರಿನ ಆಷಾಢವನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ತೋಟದಲ್ಲಿ ಕಂಬಚಿಗುರು ತೆಗೆಸಿ ಸಂಜೆ ಮನೆಗೆ ಬಂದು, ಜಗಲಿಯಲ್ಲಿ ಕೂತು ಗಂಬೂಟು ಕಳಚಿ ಕಾಲುಚೀಲ ಎಳೆದಾಗ ಕೈಗೆ ರಕ್ತ ಅಂಟುತ್ತದೆ. ನೋಡಿದರೆ ಬೆರಳುಸಂದಿಯಲ್ಲಿ ದ್ರಾಕ್ಷಿಯ ಹಾಗೆ ಊದಿಕೊಂಡ ಇಂಬಳ. ಯಾವಾಗ ಹತ್ತಿತು, ಯಾವಾಗ ಚರ್ಮ ಕೊಯ್ದಿತು, ಎಷ್ಟು ಹೊತ್ತು ಕುಡಿಯಿತು, ಒಂದೂ ಗೊತ್ತಾಗಿಲ್ಲ. ಅದೇ ದಿನ ಬೆಳಿಗ್ಗೆ ಕುತ್ತಿಗೆಗೆ ಒಂದೇ ಒಂದು ಚಗಳಿ ಇರುವೆ ಕಚ್ಚಿದ್ದಕ್ಕೆ ಹಿಡಿದ ಕೊಂಬೆ ಬಿಟ್ಟು ಕುಣಿದಿದ್ದೆವು. ಚಗಳಿ ಒಂದು ತೊಟ್ಟು ರಕ್ತವನ್ನೂ ತೆಗೆದಿಲ್ಲ. ಇಂಬಳ ಚರ್ಮವನ್ನೇ ಕೊಯ್ದಿದೆ. ಹಾಗಾದರೆ ಎರಡನೆಯದರ ನೋವು ಎಲ್ಲಿ ಹೋಯಿತು? ನನ್ನ ನಲವತ್ತು ವರ್ಷ ಈ ಒಂದು ಪ್ರಶ್ನೆಯ ಹಿಂದೆಯೇ ಕಳೆದಿದೆ. ಇವತ್ತೂ ಅದನ್ನು ಬಿಟ್ಟು ಬೇರೆ ಮಾತಾಡಲು ನನಗೆ ಮನಸ್ಸಿಲ್ಲ.

ಮೊದಲು ದಾರಿ ತಿಳಿದುಕೊಳ್ಳೋಣ. ಕತ್ತಲಲ್ಲಿ ಬರಿಗಾಲ ಹೆಬ್ಬೆರಳನ್ನು ಹೊಸ್ತಿಲಿಗೆ ಎಡವಿಕೊಂಡಾಗ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಮೊದಲು ‘ಚುಳ್’ ಅನ್ನುತ್ತದೆ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಅಷ್ಟರಲ್ಲಿ ‘ಇನ್ನು ಉರಿಯುತ್ತದೆ’ ಎಂದು ನಮಗೇ ಗೊತ್ತಿರುತ್ತದೆ, ಹಲ್ಲು ಕಚ್ಚಿ ಕಾಯುತ್ತೇವೆ. ಉರಿ ಬರುತ್ತದೆ. ಪೆಟ್ಟು ಒಂದೇ, ಆದರೆ ಎರಡು ನೋವು, ಏಕೆಂದರೆ ಸುದ್ದಿ ಎರಡು ಬಗೆಯ ನರದ ಎಳೆಗಳಲ್ಲಿ ಹೊರಟಿದೆ. ತೆಳುವಾದ ಕೊಬ್ಬಿನ ಹೊದಿಕೆ ಇರುವ ಎಳೆ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಹೊದಿಕೆಯೇ ಇಲ್ಲದ ಸಪೂರ ಎಳೆಯದು ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ, ನಾವು ತೋಟದಲ್ಲಿ ನಡೆಯುವ ವೇಗ. ಕಾಲಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್. ನಾವು ಹಲ್ಲು ಕಚ್ಚಿ ಕಾಯುವ ಹೊತ್ತು ಆ ನಡಿಗೆಯದು. ನಮ್ಮ ಅಜ್ಜಿಯರು ‘ಚುಳ್’ ಮತ್ತು ‘ಉರಿ’ ಎಂದು ಎರಡು ಮಾತು ಇಟ್ಟುಕೊಂಡಿದ್ದರಲ್ಲ, ಅದಕ್ಕಿಂತ ಸರಿಯಾದ ವಿಂಗಡಣೆಯನ್ನು ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ.

ಈ ಎಳೆಗಳ ತುದಿಗಳು ಚರ್ಮದಲ್ಲಿ ಬತ್ತಲೆಯಾಗಿ ಹರಡಿಕೊಂಡಿವೆ. ಅವುಗಳ ಮೈಮೇಲೆ ಪುಟ್ಟ ಪುಟ್ಟ ಬಾಗಿಲುಗಳು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಒಂದು ಬಾಗಿಲು ತೆರೆಯುತ್ತದೆ. ಜೀರಿಗೆ ಮೆಣಸಿನ ಖಾರಕ್ಕೂ ತೆರೆಯುವುದು ಅದೇ. ಇದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಕಂಡುಹಿಡಿದರು, 2021ರಲ್ಲಿ ನೊಬೆಲ್ ಹಂಚಿಕೊಂಡರು. ಚಗಳಿಯ ಹುಳಿಗೂ, ಎಂದರೆ ಅದರ ಆಮ್ಲಕ್ಕೂ, ಬಾಗಿಲುಗಳಿವೆ. ಇವು ತೆರೆದ ಮೇಲೆ ಸೋಡಿಯಂ ಒಳನುಗ್ಗುವ ಬೇರೆ ಬಾಗಿಲುಗಳು ಸಾಲಾಗಿ ತೆರೆದುಕೊಂಡು ಮಿಡಿತ ಬೆನ್ನುಹುರಿಯ ಕಡೆಗೆ ಓಡುತ್ತದೆ. ಅಲ್ಲಿ ಇನ್ನೊಂದು ಕೋಶಕ್ಕೆ ಸುದ್ದಿ ದಾಟಿ, ಎದುರು ಮಗ್ಗುಲಿಗೆ ಹಾದು, ಥಲಾಮಸ್ಸಿನ ಮೂಲಕ ಮಿದುಳಿನ ಹಲವು ಕಡೆಗೆ ಹೋಗುತ್ತದೆ. ಈ ಸೋಡಿಯಂ ಬಾಗಿಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ನರದಲ್ಲಿ ಓಡುವುದು ಸುದ್ದಿ ಮಾತ್ರ, ಅದನ್ನು ನೋವಾಗಿಸುವುದು ಮಿದುಳು. ಹಾನಿಯ ಸುದ್ದಿ ಹಿಡಿಯುವ ಈ ತುದಿಗಳಿಗೆ ಬೇರೆಯೇ ಹೆಸರು ಬೇಕೆಂದು ಷೆರಿಂಗ್ಟನ್ 1906ರಲ್ಲೇ ಹೆಸರಿಟ್ಟರು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಬೆನ್ನುಹುರಿಯಲ್ಲೊಂದು ಗೇಟು ಇದೆ, ಸುದ್ದಿಯೆಲ್ಲ ಮೇಲೆ ಹೋಗುವುದಿಲ್ಲ ಎಂದರು. ಮಗು ಬಿದ್ದಾಗ ಅಮ್ಮ ಮಂಡಿ ಉಜ್ಜುವುದು ಆ ಗೇಟನ್ನು ಎಳೆದುಕೊಳ್ಳುವ ಕೆಲಸ. ಚರಿತ್ರೆ ಇಷ್ಟು ಸಾಕು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ‘ಇಂಬಳ ಕಚ್ಚುವ ಮೊದಲು ಅರಿವಳಿಕೆ ಮದ್ದು ಹಾಕುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ, ಪಠ್ಯಪುಸ್ತಕಗಳೂ ಹೇಳುತ್ತವೆ. ಬಿಎಸ್ಸಿಯಲ್ಲಿ ನಮಗೆ ಇಂಬಳದ ನೀರಿನ ದಾಯಾದಿಯಾದ ಜಾನುವಾರು ಜಿಗಣೆಯನ್ನು ಕೊಯ್ದು ತೋರಿಸಿದ ಮೇಷ್ಟ್ರೊಬ್ಬರಿದ್ದರು. ಬಿಳಿ ಪಂಚೆ, ಮೇಲೊಂದು ಹಳೆಯ ಕರಿ ಕೋಟು. ಪರೀಕ್ಷೆಯ ಉತ್ತರದಲ್ಲಿ ನಾನು ಈ ಅರಿವಳಿಕೆಯ ವಾಕ್ಯ ಬರೆದಿದ್ದೆ. ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಕಂಡದ್ದೋ, ಕೇಳಿದ್ದೋ?’ ಎಂದು ಬರೆದುಕೊಟ್ಟರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣ ಜಿಗಣೆಯಲ್ಲಿದೆ ಎಂದು 1884ರಲ್ಲಿ ಹೇಕ್ರಾಫ್ಟ್ ತೋರಿಸಿದ್ದರು, 1950ರ ದಶಕದಲ್ಲಿ ಮಾರ್ಕ್‌ವರ್ಟ್ ಅದನ್ನು ಶುದ್ಧವಾಗಿ ಬೇರ್ಪಡಿಸಿದರು, ಅದೇ ಹಿರುಡಿನ್. ಅದು ಕಂಡದ್ದು. ಅರಿವಳಿಕೆಯನ್ನು ಹಾಗೆ ಬೇರ್ಪಡಿಸಿ ಸೀಸೆಯಲ್ಲಿಟ್ಟು ತೋರಿಸಿದವರು ಯಾರು? ಮೇಷ್ಟ್ರು ಕೇಳಿದ್ದು ಇಷ್ಟೇ. ಆ ಕೆಂಪು ಗೆರೆ ನನ್ನ ಜೀವನವನ್ನೇ ತಿರುಗಿಸಿತು.

ಹಲವು ಮಳೆಗಾಲ ನಾನೇ ಮುಂಗೈ ಮೇಲೆ ಇಂಬಳ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಮನಸ್ಸೆಲ್ಲ ಅಲ್ಲೇ ಇಟ್ಟು ಕೂತಿದ್ದೇನೆ. ಕೆಲವು ಸಲ ಏನೂ ತಿಳಿಯಲಿಲ್ಲ. ಕೆಲವು ಸಲ ಮುಳ್ಳಿನ ತುದಿ ಸೋಕಿದಂತೆ ಸಣ್ಣಗೆ, ಖಂಡಿತವಾಗಿ ಚುಚ್ಚಿತು. ಅರಿವಳಿಕೆ ಇದ್ದರೆ ಅದೇಕೆ ಚುಚ್ಚಬೇಕು? ನಾನು ಕಟ್ಟಿದ ವಾದ ಹೀಗಿತ್ತು: ಇಂಬಳಕ್ಕೆ ಮೂರು ಸಣ್ಣ ದವಡೆ, ಅದರ ಕೊಯ್ತ ಬಲು ಪುಟ್ಟದು. ಏಳುವ ಸುದ್ದಿಯೇ ಕಡಿಮೆ. ಮಳೆಗೆ ತಣ್ಣಗೆ ಮರಗಟ್ಟಿದ ಕಾಲು, ಗಂಬೂಟಿನ ಉಜ್ಜಾಟ, ಕೆಲಸದ ಮೇಲಿರುವ ಗಮನ ಎಲ್ಲ ಸೇರಿ ಗೇಟಿನಲ್ಲೇ ಅದನ್ನು ತಡೆಯುತ್ತವೆ. ಮದ್ದು ಬೇಕಿಲ್ಲ. ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಸ್ನೇಹಿತರೊಡನೆ ಮಾತು ಬಿಡುವಷ್ಟು ವಾದಿಸಿದ್ದೇನೆ.

2018ರಲ್ಲಿ ಒಂದು ಪ್ರಬಂಧ ಬಂತು. ಚೀನಾದ ವಿಜ್ಞಾನಿಗಳು ಹೀಮಡಿಪ್ಸ ಸಿಲ್ವೆಸ್ಟ್ರಿಸ್ ಎಂಬ ನೆಲದ ಇಂಬಳದಿಂದ, ನಮ್ಮ ತೋಟದ ಇಂಬಳದ ದಾಯಾದಿ ಅದು, ಒಂದು ಪೆಪ್ಟೈಡನ್ನು ಬೇರ್ಪಡಿಸಿದ್ದರು. ನಾನು ಆಗ ಹೇಳಿದೆನಲ್ಲ, ಸೋಡಿಯಂ ಬಾಗಿಲುಗಳು? ನೋವಿನ ಎಳೆಗಳಲ್ಲೇ ಹೆಚ್ಚಾಗಿರುವ ಅಂಥ ಎರಡು ಬಾಗಿಲುಗಳನ್ನು, 1.8 ಮತ್ತು 1.9 ಎಂಬ ಸಂಖ್ಯೆಯವನ್ನು, ಅದು ಅದುಮಿ ಹಿಡಿಯುತ್ತದೆ. ಇಲಿಗಳಲ್ಲಿ ನೋವು ತಗ್ಗಿತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಷ್ಟ್ರು ಬದುಕಿದ್ದರೆ ಹೋಗಿ, ‘ಸಾರ್, ಕಂಡದ್ದಾಯಿತು’ ಎನ್ನುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅವರ ದನಿಯೇ ಕೇಳಿದ ಹಾಗಾಯಿತು: ಪ್ರಯೋಗಶಾಲೆಯಲ್ಲಿ ಕೊಟ್ಟಷ್ಟು ಮದ್ದು ಒಂದು ಇಂಬಳದ ಎಂಜಲಿನಲ್ಲಿ ಇರುತ್ತದೆಯೇ? ಇದ್ದರೂ ದವಡೆ ಚರ್ಮ ಮುಟ್ಟುವ ಮೊದಲ ಕ್ಷಣದಲ್ಲೇ ಅದು ನರ ತಲುಪುತ್ತದೆಯೇ? ಕಚ್ಚಿದ ಮೇಲೆ ಬಹಳ ಹೊತ್ತು ಕೂತು ಕುಡಿಯಲು ಅದು ಸಹಾಯವಾಗಬಹುದು. ಆದರೆ ಕಚ್ಚುವ ಆ ಗಳಿಗೆಯ ಮೌನಕ್ಕೆ ಅದೊಂದೇ ಕಾರಣವೇ?

ಇದರ ಬೆನ್ನಲ್ಲೇ ಇನ್ನೊಂದು ಮಾತು ನನ್ನನ್ನು ಹಿಡಿದುಕೊಂಡಿದೆ. ಜಿಗಣೆಯ ಮೈಯುದ್ದಕ್ಕೂ 21 ನರಗಂಟುಗಳಿವೆ, ಒಂದೊಂದರಲ್ಲಿ ಸುಮಾರು 400 ಕೋಶಗಳು. 1968ರಲ್ಲಿ ನಿಕೋಲ್ಸ್ ಮತ್ತು ಬೇಲರ್ ಒಂದೊಂದು ಗಂಟಿನಲ್ಲೂ ನಾಲ್ಕು ವಿಶೇಷ ಕೋಶಗಳನ್ನು ಗುರುತಿಸಿದರು. ಸವರಿದರೆ ಅವು ಮಿಡಿಯವು. ಚರ್ಮಕ್ಕೆ ಪೆಟ್ಟಾಗುವಂತೆ ಚಿವುಟಿದರೆ ಮಿಡಿಯುತ್ತವೆ. ಅವುಗಳಲ್ಲಿ ಕೆಲವು ಮೆಣಸಿನ ಖಾರಕ್ಕೂ ಮಿಡಿಯುತ್ತವೆಂದು ಆಮೇಲೆ ತಿಳಿಯಿತು. ನಮಗೆ ತಿಳಿಯದಂತೆ ನಮ್ಮನ್ನು ಕಚ್ಚುವ ಪ್ರಾಣಿಗೆ ಹಾನಿ ತಿಳಿಯುವ ಕೋಶ ಇದೆ.

ಮೇಷ್ಟ್ರು ತರಗತಿಯಲ್ಲಿ ಜಿಗಣೆಗೆ ಉಪ್ಪು ಹಾಕಲು ಬಿಡುತ್ತಿರಲಿಲ್ಲ. ಮೊದಲು ಬಾಯಿಯ ಕಡೆ, ಆಮೇಲೆ ಬಾಲದ ಕಡೆ, ಉಗುರನ್ನು ಮೆಲ್ಲಗೆ ತೂರಿಸಿ ಬಿಡಿಸುತ್ತಿದ್ದರು. ಕಾರಣ ಕೇಳಿದರೆ, ‘ನೀನು ಭೈರರಸರ ಸೀಮೆಯವನಲ್ಲವೇ’ ಎನ್ನುತ್ತಿದ್ದರು. ಭೈರರಸರು ಕಳಸ-ಕಾರ್ಕಳವನ್ನು ಆಳಿದ ಜೈನ ಅರಸರು. ಜೈನರು ಜಿಗಣೆಯನ್ನು ದ್ವೀಂದ್ರಿಯ ಜೀವವೆಂದು ಎಣಿಸುತ್ತಾರೆ, ಸ್ಪರ್ಶವೂ ರುಚಿಯೂ ಬಲ್ಲದ್ದು ಎಂದು. ಇತ್ತ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಈ ಎರಡು ಮಾತನ್ನೂ ಹೇಳಿತು: ನರದ ಸುದ್ದಿಯೂ ನೋವೂ ಒಂದಲ್ಲ. ಹೇಳಿಕೊಳ್ಳಲು ಬಾರದ ಜೀವಿಗೆ ನೋವಿಲ್ಲ ಎಂದು ತೀರ್ಮಾನಿಸಕೂಡದು. ಎರಡನ್ನೂ ನಾನು ಒಪ್ಪುತ್ತೇನೆ. ಇಂಬಳದ ಮುಂದೆ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಲು ಮಾತ್ರ ಆಗುತ್ತಿಲ್ಲ. ಮಿದುಳಿಲ್ಲದೆ ನೋವಿಲ್ಲ ಎಂದು ಇಷ್ಟು ಹೊತ್ತು ಹೇಳಿದವನು ನಾನೇ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಇಂಬಳದ ತಲೆಯ ಗಂಟನ್ನು ಮಿದುಳು ಎನ್ನಬೇಕೇ? ಎಷ್ಟು ಕೋಶ ಸೇರಿದರೆ ಸುದ್ದಿ ನೋವಾಗುತ್ತದೆ?

ಹೋದ ವರ್ಷ ಕಳೆ ತೆಗೆಯುವ ಸಮಯದಲ್ಲಿ, ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟನ್ನು ನಾನು ಕಾಲಿನ ಇಂಬಳಕ್ಕೆ ಮುಟ್ಟಿಸಿದೆ. ಅದು ಮುದುಡಿ ಹೊರಳಿ ಬಿತ್ತು. ನಮ್ಮ ತೋಟದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ ಅಮ್ಮ ಒಬ್ಬರು ನೋಡುತ್ತಾ ನಿಂತಿದ್ದರು. ‘ಅದಕ್ಕೂ ಉರಿಯುತ್ತದಾ ಅಯ್ಯಾ?’ ಎಂದು ಕೇಳಿದರು. ನಾನು ಪಾಠ ಮಾಡಿದವನು, ಕೋಶಗಳ ಹೆಸರು ಬಲ್ಲವನು, ಸುಮ್ಮನೆ ನಿಂತೆ. ಆ ಮಳೆಗಾಲವೆಲ್ಲ ಉಗುರಿನಿಂದಲೇ ಬಿಡಿಸಿದೆ. ಈ ವರ್ಷ ಮಳೆ ಜೋರು, ಕೆಲಸ ಅವಸರ, ಗಂಟು ಮತ್ತೆ ಕೋಲಿಗೆ ಬಂದಿದೆ. ಅವರಿಗೆ ನಾನು ಏನು ಹೇಳಬೇಕಿತ್ತು? ಉತ್ತರ ತಿಳಿಯುವವರೆಗೆ ಆ ಗಂಟನ್ನು ಇಟ್ಟುಕೊಳ್ಳಬೇಕೋ, ಬಿಚ್ಚಬೇಕೋ?