ಉಳ್ಳಾಗಡ್ಡಿ, ಸೊಪ್ಪು ಮತ್ತು ಜೀವಕೋಶಗಳ ರಕ್ಷಣೆ
(ಪಾಮನಕಲ್ಲೂರಿನ ದಂಪತಿಗಳಿಗಾಗಿ ಮಾಡಿದ ಭಾಷಣ)



ಶೇಂಗಾ ಎಣ್ಣೆಯನ್ನು ಬಹುದಿನ ಗಾಳಿಗೆ ತೆರೆದಿಟ್ಟರೆ ಅದು ಕಮಟು ಹಿಡಿಯುವುದನ್ನು ತಾವೆಲ್ಲರೂ ಬಲ್ಲಿರಿ. ಗಾಳಿಯಲ್ಲಿರುವ ಆಮ್ಲಜನಕವು ಎಣ್ಣೆಯೊಡನೆ ಸೇರಿ ಅದನ್ನು ಕೆಡಿಸುತ್ತದೆ. ಇದಕ್ಕೆ ಉತ್ಕರ್ಷಣವೆಂದು ಹೆಸರು.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಜಿಡ್ಡಿನಿಂದಾದ ತೆಳುವಾದ ಹೊದಿಕೆಯುಂಟು. ಉಸಿರಾಡಿದ ಆಮ್ಲಜನಕದಿಂದ ಕೋಶವು ಶಕ್ತಿಯನ್ನು ಪಡೆಯುವಾಗ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಅವು ಮಿತಿಮೀರಿದರೆ ಕೋಶದ ಹೊದಿಕೆಗೂ ಅದರೊಳಗಿನ ವಂಶವಾಹಿಗಳಿಗೂ ಹಾನಿಯಾಗುತ್ತದೆ. ಬೀಡಿಯ ಹೊಗೆಯು ಈ ಕಣಗಳನ್ನು ಹೆಚ್ಚಿಸುತ್ತದೆ. ಪುರುಷನ ವೀರ್ಯಾಣುಗಳಿಗೂ ಅದರಿಂದ ಕೇಡುಂಟು.

ಗಿಡಗಳು ಬಿಸಿಲಿಗೆ ಹೆದರಿ ನೆರಳಿಗೆ ಓಡಲಾರವು. ಆದುದರಿಂದ ಅವು ತಮ್ಮ ರಕ್ಷಣೆಗಾಗಿ ಫ್ಲೇವನಾಯ್ಡ್‌ಗಳೆಂಬ ವಸ್ತುಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಉಳ್ಳಾಗಡ್ಡಿ ಮತ್ತು ನುಗ್ಗೆಸೊಪ್ಪಿನಲ್ಲಿರುವ ಕ್ವೆರ್ಸೆಟಿನ್ ಇಂತಹುದೊಂದು. ಉಳ್ಳಾಗಡ್ಡಿಯ ಕೆಂಪು ಬಣ್ಣವೂ ಇದೇ ಗುಂಪಿಗೆ ಸೇರಿದುದು. ಪ್ರಯೋಗಶಾಲೆಯಲ್ಲಿ ಇವು ಉಗ್ರ ಕಣಗಳನ್ನು ನೇರವಾಗಿ ಶಮನಗೊಳಿಸುತ್ತವೆ. ದೇಹದಲ್ಲಿ ರಕ್ತವನ್ನು ಸೇರುವ ಪಾಲು ಅಲ್ಪವೇ. ಅಲ್ಲಿ ಇವು ಜೀವಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಚ್ಚರಿಸಿ ನೆರವಾಗುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದ್ದರಿಂದ ಒಂದು ದಿನ ಬಹಳ ತಿನ್ನುವುದಕ್ಕಿಂತ ದಿನವೂ ತಕ್ಕಷ್ಟು ತಿನ್ನುವುದು ಲೇಸು.

ಉಳ್ಳಾಗಡ್ಡಿಯ ಹೊರಪದರಗಳಲ್ಲಿಯೇ ಈ ಸತ್ವವು ಹೆಚ್ಚು. ಒಣಸಿಪ್ಪೆಯನ್ನಷ್ಟೇ ತೆಗೆಯಿರಿ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ. ರೊಟ್ಟಿಯೊಡನೆ ಉಳ್ಳಾಗಡ್ಡಿ, ಸೊಪ್ಪಿನ ಪಲ್ಯ, ಬೇಳೆ ಇವಿಷ್ಟಿದ್ದರೆ ಈ ಸತ್ವಕ್ಕಾಗಿ ದುಬಾರಿ ಗುಳಿಗೆಗಳು ಬೇಕಿಲ್ಲ. ಫಿನ್ಲೆಂಡ್ ದೇಶದಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಎಂಬ ಬೇರೊಂದು ಸಸ್ಯಸತ್ವವನ್ನು ಗುಳಿಗೆಯಾಗಿ ಕೊಡಲಾಗಿತ್ತು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗದೆ ಹೆಚ್ಚಿದುದು 1994ರಲ್ಲಿ ಪ್ರಕಟವಾಯಿತು. ತರಕಾರಿಯ ಗುಣವೆಲ್ಲವೂ ಗುಳಿಗೆಯಲ್ಲಿ ಬಾರದು.

ಇನ್ನೊಂದು ಮಾತನ್ನು ಗಮನಿಸಿರಿ. ಚಹಾದಲ್ಲಿಯೂ ಫ್ಲೇವನಾಯ್ಡ್‌ಗಳಿವೆ. ಆದರೆ ಊಟದೊಡನೆ ಚಹಾ ಕುಡಿದರೆ ಅವು ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟು ಅದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿರಿ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೂಡುತ್ತದೆ.

ಗರ್ಭಿಣಿಯರಿಗೆ ಸೊಪ್ಪು ಒಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಕಬ್ಬಿಣ ಹಾಗೂ ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಚಹಾದೊಡನೆ ಮಾತ್ರ ನುಂಗಬಾರದು.

ಸಹೋದರರೇ, ಅನೇಕ ಮನೆಗಳಲ್ಲಿ ಗೃಹಿಣಿಯು ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುತ್ತಾಳೆ. ಆ ಹೊತ್ತಿಗೆ ರೊಟ್ಟಿ ಇರುತ್ತದೆ, ಪಲ್ಯ ತೀರಿರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಜೀವಕೋಶಗಳು ಬೆಳೆಯುವುದು ಆಕೆಯ ಊಟದಿಂದಲೇ. ದಂಪತಿಗಳು ಜೊತೆಯಾಗಿ ಕುಳಿತು, ಪಲ್ಯವನ್ನು ಸಮನಾಗಿ ಬಡಿಸಿಕೊಂಡು ಉಣ್ಣಿರಿ, ಬೀಡಿಯನ್ನು ಬಿಡಿರಿ. ಹಿತ್ತಲಲ್ಲೊಂದು ನುಗ್ಗೆಯ ಕೊಂಬೆಯನ್ನು ನೆಡಿರಿ.