ಕಂಪ್ಯೂಟರಿಗೂ ಮುಪ್ಪು ಬರುತ್ತದೆಯೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ಕಂಪ್ಯೂಟರುಗಳು ನಿಧಾನವಾಗಿವೆ, ಗುಜರಿಗೆ ಹಾಕಿ ಮಹೋತ್ಸವದ ನಿಧಿಯಿಂದ ಹೊಸದು ಕೊಳ್ಳೋಣ ಎಂಬ ಮಾತು ನಡೆದಿದೆ. ದುಡ್ಡು ಊರಿನದು. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಮ್‌ಗಳು ಬರೀ ಸೂಚನೆಗಳ ಕಟ್ಟು. ಗಾಡಿಯ ಅಚ್ಚಿನಂತೆ ಅವು ಸವೆಯುವುದಿಲ್ಲ. ಸವೆಯುವುದು ಯಂತ್ರ, ಬೆಳೆಯುವುದು ಹೊರೆ.

ಹೊರೆಯ ಮಾತು ಮೊದಲು. ನಾವು ಹಾಕುವ ಎಷ್ಟೋ ಪ್ರೋಗ್ರಾಮುಗಳು ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾವೂ ಎದ್ದು ಕೂರುತ್ತವೆ. ಪ್ರಿಂಟರಿನದೊಂದು, ಆಂಟಿವೈರಸ್ ಎರಡು, ಯಾರದೋ ಪೆನ್‌ಡ್ರೈವಿನಿಂದ ಬಂದದ್ದು ಇನ್ನೊಂದು. ರ‍್ಯಾಮ್ ಎಂದರೆ ಓದುವ ಮೇಜು, ಹಾರ್ಡ್ ಡಿಸ್ಕ್ ಎಂದರೆ ಪುಸ್ತಕದ ಬೀರು ಎಂದುಕೊಳ್ಳಿ. ಮೇಜು ತುಂಬಿದರೆ ಪ್ರತಿ ಪುಟಕ್ಕೂ ಬೀರುವಿಗೆ ಓಡಾಡಬೇಕು. ಆ ಓಡಾಟವೇ ನಮಗೆ ಕಾಣುವ ನಿಧಾನ.

ಆಪರೇಟಿಂಗ್ ಸಿಸ್ಟಮ್ ಕೂಡ ದಪ್ಪವಾಗುತ್ತಾ ಬಂದಿದೆ. 2001ರ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂಬಿ ರ‍್ಯಾಮ್ ಕೇಳುತ್ತಿತ್ತು. 2021ರ ವಿಂಡೋಸ್ 11 ಕೇಳುವುದು 4 ಜಿಬಿ, ಅಂದರೆ 64 ಪಟ್ಟು. ಯಂತ್ರ ಚುರುಕಾಗುವ ವೇಗಕ್ಕಿಂತ ಸಾಫ್ಟ್‌ವೇರ್ ಮಂದವಾಗುವ ವೇಗವೇ ಹೆಚ್ಚು ಎಂದು ನಿಕ್ಲಾಸ್ ವಿರ್ತ್ ಎಂಬ ವಿಜ್ಞಾನಿ 1995ರಲ್ಲೇ ಬರೆದರು.

ಕಂಪನಿಗಳು ಬೇಕೆಂದೇ ನಿಧಾನ ಮಾಡುತ್ತವೆಯೇ ಎಂದು ಕೇಳುವವರಿದ್ದಾರೆ. ಹಳೆಯ ಐಫೋನುಗಳ ವೇಗವನ್ನು ತಗ್ಗಿಸಿದ್ದಾಗಿ ಆಪಲ್ 2017ರಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಸವೆದ ಫೋನು ಹಠಾತ್ತನೆ ಆರಿಹೋಗದಿರಲಿ ಎಂಬುದು ಅದು ಕೊಟ್ಟ ಕಾರಣ. ಕಾರಣ ಸರಿಯಿರಬಹುದು, ಮೊದಲೇ ಹೇಳಬೇಕಿತ್ತು.

ಇನ್ನು ಯಂತ್ರ. ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಕೆಟ್ಟ ಜಾಗ ಸಿಕ್ಕರೆ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ. ಫ್ಯಾನಿಗೆ ಧೂಳು ಕಟ್ಟಿದರೆ ಪ್ರೊಸೆಸರ್ ಕಾಯುತ್ತದೆ, ಕಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಮ್ಮ ಊರಿನ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ!

ಹಾಗಾಗಿ ನನ್ನ ಸಲಹೆ: ಮೊದಲು ಒಂದೇ ಒಂದು ಕಂಪ್ಯೂಟರಿನ ಧೂಳು ತೆಗೆಸಿ, ಬೇಡದ ಪ್ರೋಗ್ರಾಮು ಅಳಿಸಿ, ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಮುಂಚೆ ಎಷ್ಟು ಹೊತ್ತಿಗೆ ತೆರೆಯುತ್ತಿತ್ತು, ಈಗ ಎಷ್ಟು ಎಂದು ಎಂಟನೇ ತರಗತಿಯ ಮಕ್ಕಳೇ ಗಡಿಯಾರ ಹಿಡಿದು ಬರೆದಿಡಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಯಂತ್ರಗಳಿಗೆ ಲಿನಕ್ಸ್ ಹಾಕಬಹುದು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಅದರಲ್ಲೇ ಪಾಠ ನಡೆಸುತ್ತಿವೆ. ಮದರ್‌ಬೋರ್ಡ್ ಸುಟ್ಟವನ್ನು ಮಾತ್ರ ಇ-ತ್ಯಾಜ್ಯ ಪಡೆಯುವವರಿಗೆ ಕೊಟ್ಟು, ಅವುಗಳ ಜಾಗಕ್ಕೆ ಎಷ್ಟು ಹೊಸದು ಬೇಕೋ ಅಷ್ಟನ್ನೇ ಕೊಳ್ಳೋಣ.